ರಿಟರ್ನ್ ಲೋಡು

ಪ್ರಜ್ಞಾ ಎರಡು ಹಡಗುಗಳ ಲೆಕ್ಕವನ್ನು ಮೂರನೇ ಸಲ ಹಾಕಿದಳು. ಮೂರನೇ ಸಲವೂ ತಮ್ಮನ ಹಡಗೇ ಸೋತಿತು. ಮಲ್ಪೆಯಲ್ಲಿ ಒಮ್ಮೆ ಕಾಲು ತೋಯಿಸಿ ಬಂದದ್ದು ಬಿಟ್ಟರೆ ಸಮುದ್ರವನ್ನೇ ಕಾಣದ ಈ ಹುಡುಗಿ, ಬೀರೂರಿನ ಮನೆಯ ನಡುಮನೆಯಲ್ಲಿ ಕೂತು, ಯಾವ ಹಡಗು ಎಷ್ಟು ಇಂಗಾಲ ಉಗುಳುತ್ತದೆ ಎಂದು ಮುಂಬೈಯ ಕಂಪನಿಯೊಂದಕ್ಕೆ ಅಳೆದು ಕೊಡುತ್ತಿದ್ದಳು. ಎ ಇಂದ ಇ ತನಕ ಐದು ದರ್ಜೆ, ಶಾಲೆಯ ಮಕ್ಕಳಿಗೆ ಕೊಟ್ಟ ಹಾಗೆ. ಡಿಸೆಂಬರ್ ಕೊನೆಗೆ ಇ ಬಂದ ಹಡಗನ್ನು ಗುಜರಿಗೆ ಹಾಕುವುದೆಂದು ಈ ಸಲ ಕಂಪನಿ ತೀರ್ಮಾನಿಸಿಬಿಟ್ಟಿತ್ತು. ತಮ್ಮ ಕಾಂತರಾಜು ಈ ಸೋತ ಹಡಗಿನ ಇಂಜಿನ್ ರೂಮಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಆಯಿಲರ್. ಆ ಕೆಲಸ ಸಿಗುವ ಮುಂಚೆ ಎರಡು ವರ್ಷ ಏಜೆಂಟರ ಬಾಗಿಲು ಕಾದು ಚಪ್ಪಲಿ ಸವೆಸಿದ್ದ. ಪಾಪ, ತನ್ನ ಹಡಗಿನ ಲೆಕ್ಕ ಅಕ್ಕನ ಕೈಯಲ್ಲಿದೆ ಎಂಬ ಸುಳಿವೂ ಅವನಿಗಿರಲಿಲ್ಲ.

ಹೊರಗೆ ಲಾರಿ ನಿಂತ ಸದ್ದಾಯಿತು. ಅಜ್ಜಂಪುರಕ್ಕೆ ಸಿಮೆಂಟ್ ಒಯ್ದು, ಅಲ್ಲಿಂದ ಈರುಳ್ಳಿ ತುಂಬಿಕೊಂಡು ಬಂದಿದ್ದ ಅಪ್ಪ ಚಂದ್ರಕುಮಾರ್, ಕಾಲು ತೊಳೆದು ಒಳಗೆ ಬಂದವನೇ ಮಗಳ ಮುಖ ನೋಡಿದ.

“ಯಾಕವ್ವಾ, ಮಂಕಾಗಿದ್ದೀಯ?”

“ಕಾಂತನ ಹಡಗಿಗೆ ಇ ಬತ್ತೈತೆ ಅಪ್ಪಾ. ಇನ್ನೊಂದಕ್ಕೆ ಸಿ.”

“ಎರಡಕ್ಕೂ ಒಂದೇ ಥರದ ಇಂಜಿನ್ನು ಅಂದಿದ್ದೆ?”

“ಹೂಂ. ಕಾಂತನ್ದು ಹೋಗ್ತಾನೂ ತುಂಬ್ಕೊಂಡು, ಬರ್ತಾನೂ ತುಂಬ್ಕೊಂಡೇ ಓಡೋದು. ಆ ಇನ್ನೊಂದು ಹಡಗು ಅರ್ಧ ವರ್ಷ ಖಾಲಿ ಓಡೈತೆ. ಖಾಲಿ ಓಡಿದ್ರೆ ಎಣ್ಣೆ ಕಮ್ಮಿ ಸುಡುತ್ತಲ್ಲ.”

“ಅಯ್ಯಯ್ಯೋ! ಹೊತ್ತಿದ್ದು ಲೆಕ್ಕಕ್ಕಿಲ್ವಾ?”

“ಇಲ್ಲ. ಎಷ್ಟು ಹೊರಬೋದು, ಎಷ್ಟು ದೂರ ಓಡ್ತು, ಎಷ್ಟು ಎಣ್ಣೆ ಸುಡ್ತು. ಅಷ್ಟೇ ಕೇಳೋದು. ಕಾಂತನ ಹಡಗು ಸರಕಿಗೆ ಅಂತ ಬಂದರಿನಾಚೆ ವಾರಗಟ್ಟಲೆ ಕಾಯುತ್ತೆ. ಅಲ್ಲಿ ಜನರೇಟರ್ ಸುಟ್ಟ ಎಣ್ಣೇನೂ ಅದರ ತಲೆಗೇ.”

ಚಂದ್ರಕುಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಹಂಗಾರೆ ಈ ರೂಲು ಮಾಡ್ದೋರು ಲಾರಿ ಓಡಿಸ್ದೋರಲ್ಲ ಬಿಡು!”

ನಗದೆ ಏನು ಮಾಡಿಯಾನು? ಖಾಲಿ ಲಾರಿ ಓಡಿಸುವುದೆಂದರೆ ಅವನಿಗೆ ಅನ್ನ ಚೆಲ್ಲಿದ ಹಾಗೆ. ಹೋದಲ್ಲಿ ರಿಟರ್ನ್ ಲೋಡು ಸಿಗುವ ತನಕ ಲಾರಿಯ ಕೆಳಗೆ ಚಾಪೆ ಹಾಸಿ ಮಲಗುವ ಜಾತಿ. ಪ್ರಜ್ಞಾಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನವೂ ಅಷ್ಟೆ. ಸೊಲ್ಲಾಪುರದಲ್ಲಿ ತೆಂಗಿನಕಾಯಿ ಇಳಿಸಿದವನು ಬರುತ್ತಾನೆ, ಬರುತ್ತಾನೆ ಎಂದು ಕಾದು, ಕೊನೆಗೆ ಸೋದರಮಾವನೇ ಕಿವಿಯಲ್ಲಿ ಹೆಸರು ಹೇಳಿದ. ಅಪ್ಪ ಬಂದದ್ದು ಮೂರು ದಿನ ತಡವಾಗಿ, ಲಾರಿ ತುಂಬ ಜೋಳದ ಚೀಲ ಹೇರಿಕೊಂಡು. ಅಜ್ಜಿ ತಿಪ್ಪಮ್ಮ ಸಾಯುವ ತನಕ ಇದನ್ನು ಎತ್ತಿ ಆಡಿದಳು. ಅವನದು ಒಂದೇ ಉತ್ತರ: “ಬರೀ ಗಾಡಿಗೆ ಡೀಸೆಲ್ ಸುಟ್ಟು ಹೆಂಗ್ ಬರ್ಲವ್ವಾ?” ಚಿಕ್ಕವಳಿದ್ದಾಗ ಪ್ರಜ್ಞಾಗೆ ಇದನ್ನು ಕೇಳಿದಾಗಲೆಲ್ಲ ಅಳು ಬರುತ್ತಿತ್ತು. ಬೆಳೆದ ಮೇಲೆ ಹೆಮ್ಮೆಯಾಯಿತು. ಕೆಲಸದ ಸಂದರ್ಶನದಲ್ಲಿ ಇದೇ ಕಥೆ ಹೇಳಿ ಎಲ್ಲರನ್ನೂ ಬೆರಗುಗೊಳಿಸಿದ್ದಳು.

ಅಪ್ಪ ಊಟ ಮಾಡಿ ಈರುಳ್ಳಿ ಇಳಿಸಲು ಮಂಡಿಗೆ ಹೋದ. ಸಂಜೆಯೊಳಗೆ ವರದಿ ಕಳಿಸಬೇಕಿತ್ತು. ಈ ಸೂತ್ರವೇ ಸರಿಯಿಲ್ಲ ಎಂದು ಬರೆಯಬಹುದು, ಆದರೆ ಬೀರೂರಿನ ಹುಡುಗಿಯ ಮಾತಿಗೆ ಲೋಕದ ರೂಲು ಬದಲಾದೀತೇ? ಇನ್ನೊಂದು ದಾರಿ ಬೆಳಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿತ್ತು. ಕಾಂತನ ಹಡಗು ಕಲ್ಲಿದ್ದಲು ಇಳಿಸಿ, ಅದಿರು ತುಂಬಿಕೊಳ್ಳಲು ನಾಲ್ಕು ವಾರ ಕಾಯುವುದರಲ್ಲಿತ್ತು. ಕಾಯದೆ, ಖಾಲಿಯೇ ನಿಧಾನವಾಗಿ ಬ್ರೆಜಿಲ್ ತನಕ ಓಡಿದರೆ? ವರ್ಷದ ಕೊನೆಗೆ ದೂರ ಹೆಚ್ಚುತ್ತದೆ, ಮೈಲಿಗೆ ಬೀಳುವ ಎಣ್ಣೆ ಕಡಿಮೆಯಾಗುತ್ತದೆ, ದರ್ಜೆ ಮೇಲೇರುತ್ತದೆ. ಅದನ್ನು ಬರೆದಳು. ಅಳಿಸಿದಳು. ಅಪ್ಪನ ಜೋಳದ ಚೀಲ ನೆನಪಾಗಿ ನಾಚಿಕೆಯಾಯಿತು. ಕಾಂತ ಮತ್ತೆ ಏಜೆಂಟರ ಬಾಗಿಲಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿತು. ಮತ್ತೆ ಬರೆದು, ಓದಿಯೂ ನೋಡದೆ ಕಳಿಸಿದಳು.

ಹೊಸ ವರ್ಷದ ಮೊದಲ ವಾರ ಕಾಂತರಾಜುವಿನ ವಿಡಿಯೋ ಕರೆ ಬಂತು. ಮುಖ ತುಂಬ ಗ್ರೀಸು, ಬಾಯಿ ತುಂಬ ನಗು.

“ಅಕ್ಕಾ, ನಮ್ಮ ಹಡಗಿಗೆ ಡಿ ಬಂತು ಕಣಕ್ಕಾ! ಗುಜರಿಗೆ ಹಾಕ್ಬೇಕು ಅಂತಿದ್ರಂತೆ, ಉಳ್ಕೊಳ್ತು!”

ಮಗನ ದನಿ ಕೇಳಿ ಚಂದ್ರಕುಮಾರ್ ಫೋನು ಕಿತ್ತುಕೊಂಡ. “ಎಲ್ಲಿದ್ದೀಯೋ ಮಗಾ?”

“ಬ್ರೆಜಿಲ್ ಹತ್ರ ಅಪ್ಪಾ.”

“ಭಲೇ! ಏನ್ ಲೋಡು ತಗೊಂಡೋದ್ರಿ?”

“ಏನಿಲ್ಲಪ್ಪಾ, ಖಾಲಿ. ವಾಲಿಬಿಡುತ್ತೆ ಅಂತ ಹಡಗಿನ ಹೊಟ್ಟೆಗೆ ಸಮುದ್ರದ ನೀರು ತುಂಬ್ಕೊಂಡು ಬಂದ್ವಿ. ಏಳೂವರೆ ಸಾವಿರ ಮೈಲಿ! ಆಫೀಸಲ್ಲಿ ಯಾರೋ ಪುಣ್ಯಾತ್ಮರು ಹಿಂಗೆ ಮಾಡಿ ಅಂತ ಬರ್ದಿದ್ರಂತೆ.”

ಫೋನು ಇಟ್ಟ ಮೇಲೆ ಚಂದ್ರಕುಮಾರ್ ಮಗಳ ಕಡೆ ತಿರುಗಿದ. ಅವಳು ತಲೆ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿದ, ಮತ್ತೆ ಹೆಗಲಿಗೇ ಹಾಕಿಕೊಂಡ.

“ಒಳ್ಳೇದೇ ಮಾಡ್ದೆ ಬಿಡವ್ವಾ, ತಮ್ಮ ಅಲ್ವಾ,” ಎಂದ. ಬಾಗಿಲ ತನಕ ಹೋದವನು ಅಲ್ಲೇ ನಿಂತು, ಅಂಗಳದ ಲಾರಿಯನ್ನು ನೋಡುತ್ತಾ ಹೇಳಿದ:

“ಹಂಗಾರೆ ನಿನ್ನ ತೊಟ್ಟಿಲಿಗೆ ಹಾಕೋ ದಿನ ನಾನೂ ಖಾಲಿ ಬಂದ್ಬಿಡಬೋದಿತ್ತು.”