ಎಡಗಡೆಯ ಸುರುಳಿ

ಕಂಬದ ತಲೆಯಲ್ಲಿ ಮತ್ತೆ ಸೊಟ್ಟಾದ ಸುರುಳಿಯನ್ನು ಏಣಿಯ ಮೇಲಿದ್ದ ಫಕೀರೇಶ ಸಿಟ್ಟಿನಿಂದ ಗಾರೆ ಮೆತ್ತುವ ಕರಣಿಯಲ್ಲೇ ಕೆರೆದು ಹಾಕಿದ. ಹಸಿ ಸಿಮೆಂಟು ಕೆಳಗೆ ಕಲಸಿದ ಮಾಲಿನ ಬುಟ್ಟಿ ಹೊತ್ತು ನಿಂತಿದ್ದ ಅವ್ವ ರಾಮವ್ವನ ಸೆರಗಿನ ಮೇಲೆ ಬಿತ್ತು. ಶಲವಡಿಯ ಕುಬೇರಪ್ಪನವರ ಹೊಸ ಮನೆಗೆ ಅವರ ಮಗಳು ಫೋನಿನಲ್ಲಿ ತೋರಿಸಿದ ಅಯೋನಿಕ್ ಕಂಬವೇ ಬೇಕಿತ್ತು. ಗ್ರೀಕರದ್ದಂತೆ ಅದು, ತಲೆಯ ಎರಡೂ ಬದಿಗೆ ಟಗರಿನ ಕೋಡಿನಂಥ ಸುರುಳಿ. ಬಲಗಡೆಯದು ಚೆಂದ ಬಂದಿತ್ತು. ಎಡಗಡೆಯದು ಸಂಜೆಯೊಳಗೆ ಬರದಿದ್ದರೆ ಹುಬ್ಬಳ್ಳಿಯಿಂದ ಬೇರೆ ಗೌಂಡಿಯನ್ನು ಕರೆಸುತ್ತೇನೆಂದು ಮೇಸ್ತ್ರಿ ಮಂಜಪ್ಪ ಹೇಳಿಬಿಟ್ಟಿದ್ದ.

"ನಿನ್ನ ಕೈ ಬಲಕ್ಕ ತಿರಗತೈತಿ, ಅದು ಎಡಕ್ಕ ತಿರಗಬೇಕು. ಕರಣಿ ಇಲ್ಲಿ ಕೊಡು," ಎಂದು ರಾಮವ್ವ ಬುಟ್ಟಿ ಇಳಿಸಿದಳು.

ಮಂಜಪ್ಪ ನಕ್ಕ. "ಹೆಂಗಸರು ಕರಣಿ ಹಿಡದ್ರ ಗ್ವಾಡಿ ನಿಲ್ಲಂಗಿಲ್ಲವಾ. ಅದರಾಗ ನೀ ಎಡಚಿ."

ಫಕೀರೇಶ ಏಣಿಯಿಂದ ಜಿಗಿದ. "ನಿಲ್ಲತೈತೋ ಇಲ್ಲೋ ನೋಡೇಬಿಡೂಣು. ಹತ್ತಬೇ ಯವ್ವಾ."

ಚಕ್ಕಲಿ ಸುತ್ತುವಾಗ ಅತ್ತೆಯಿಂದ ಬೈಸಿಕೊಳ್ಳುತ್ತಿದ್ದ ಎಡಗೈ ಅದು. ರಾಮವ್ವ ಅದನ್ನು ಒಳಗಿನಿಂದ ಹೊರಗೆ, ಎಲ್ಲೂ ನಿಲ್ಲಿಸದೆ ತಿರುಗಿಸಿದಳು. ಎರಡು ಸುರುಳಿಗಳೂ ಜೋಡಿಯಾಗಿ ಕೂತವು. ಮಂಜಪ್ಪ ಕತ್ತೆತ್ತಿ ಬಹಳ ಹೊತ್ತು ನೋಡಿದ.

"ಉಳಿದ ಕಂಬಕ್ಕೂ ಇಕಿನ ಹತ್ತಲಿ," ಎಂದ. "ಆದ್ರ ಮಾಲು ಹೊರಾವ್ರು ಯಾರು?"

ಫಕೀರೇಶ ಅವ್ವನ ಸಿಂಬಿಯನ್ನು ತಲೆಯ ಮೇಲಿಟ್ಟುಕೊಂಡು ಆಗಲೇ ಬುಟ್ಟಿಗೆ ಬಗ್ಗಿದ್ದ.