ಗಣಿ ಧೂಳಿನ ಬಣ್ಣ

“ಯವ್ವಾ, ಅದು ಬ್ಯಾಡ, ಥೇಟ್ ಗಣಿ ಧೂಳಿನ ಬಣ್ಣ!” ಹೊಸಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ಪಲ್ಲವಿ ತಾಯಿಯ ಕೈಯಿಂದ ಲಿಪ್‌ಸ್ಟಿಕ್ ಕಸಿದುಕೊಳ್ಳಲು ನೋಡಿದಳು. ಹೊನ್ನೂರಮ್ಮ ಬಿಡಲಿಲ್ಲ.

ಅರವತ್ತು ದಾಟಿದ ಮೇಲೆ ಮೊದಲ ಸಲ ತುಟಿಗೆ ಬಣ್ಣ ಹಚ್ಚಿದ್ದಳು. ಅಂಗಡಿಯ ಹುಡುಗಿ ಕೊಟ್ಟ ಗುಲಾಬಿ ಬಣ್ಣಗಳೆಲ್ಲ ಅವಳ ಕಪ್ಪು ಮುಖದ ಮೇಲೆ ಯಾರದೋ ತುಟಿ ತಂದು ಅಂಟಿಸಿದಂತೆ ಕಂಡಿದ್ದವು. ಈ ಕಂದುಗೆಂಪು ಒಂದೇ ಒಪ್ಪಿತ್ತು. ಸಂಡೂರಿನ ಗಣಿಯಲ್ಲಿ ಮೂವತ್ತು ವರ್ಷ ಅದಿರು ಒಡೆದವಳ ಹಿಮ್ಮಡಿಯ ಬಿರುಕಿನಲ್ಲಿ, ಎಷ್ಟು ಉಜ್ಜಿದರೂ ಹೋಗದೆ ಉಳಿದಿದ್ದ ಬಣ್ಣವೂ ಅದೇ.

“ಮಂದಿ ನಗ್ತಾರ,” ಎಂದಳು ಪಲ್ಲವಿ.

ಹೊನ್ನೂರಮ್ಮ ಕನ್ನಡಿಗೆ ಬಾಗಿ ಇನ್ನೊಂದು ಸಲ ದಪ್ಪಗೆ ಎಳೆದಳು. “ಮೂವತ್ತು ವರ್ಷ ಗಣಿಯವ್ರು ನನ್ನ ಕೇಳದಂಗ ಮುಖದ ತುಂಬ ಬಳದ್ರು. ಆಗ ಯಾರ್ ನಕ್ರು? ಈಗ ನಾನ ಹಚ್ಕೊಂತೀನಿ.” ಅಂಗಡಿಯ ಹುಡುಗಿಯ ಕಡೆ ತಿರುಗಿದಳು. “ಇದನ್ನ ಕೊಡವ್ವ, ದಿನಾ ಬೇಕು.”