ಕೆಂಪು ಕ್ರೋಟನ್

"ಇದು ಕೆಂಪೇನ್ರೀ?"

ಗಂಡ ವ್ಯಾನಿನಿಂದ ಇಳಿಸಿದ ಸೊಂಟದೆತ್ತರದ ಕ್ರೋಟನ್ ಗಿಡಗಳನ್ನು ನೋಡಿ ಹೆಂಡತಿ ಕೇಳಿದಳು. ಒಂದಾದರೂ ಕೆಂಪಿದ್ದರೆ ಕೇಳಿ! ಎಲ್ಲವೂ ಅಚ್ಚ ಹಸಿರು. ಬೇಲಿಯುದ್ದಕ್ಕೂ ಕೆಂಪು ಕ್ರೋಟನ್, ಅದರ ಬುಡಕ್ಕೆ ಹಳದಿ ಚೆಂಡು ಹೂವು, ನೆರಳು ಬೀಳುವ ಮೂಲೆಗೆ ಮೆತ್ತನೆಯ ಜರೀಗಿಡ ಎಂದು ಹೊಲಿಗೆಯ ಸೀಮೆಸುಣ್ಣದಲ್ಲಿ ಅಂಗಳದ ತುಂಬ ಗೆರೆ ಎಳೆದು, ಟೇಪು ಹಿಡಿದು ಅಳತೆ ಹಾಕಿದ್ದವಳು ಅವಳು. ಬೀದಿಯವರ ಬಟ್ಟೆಯೆಲ್ಲ ಹೊಲಿಯುವವಳು. ನಿಂಬೆಹಳದಿ ಯಾವುದು, ಸಾಸಿವೆಹಳದಿ ಯಾವುದು ಎಂದು ದೂರದಿಂದಲೇ ಹೇಳುವವಳ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಾನಲ್ಲ ಈತ!

"ನರ್ಸರಿಯವಳು ಕೆಂಪು ಅಂತಾನೇ ಕೊಟ್ಲು ಕಣೆ," ಎಂದ ಗಂಡ, ಮುಖ ಆಚೆ ತಿರುಗಿಸಿ. "ಬಣ್ಣ ಹಾಗಿರ್ಲಿ, ಎಲೆ ಮುಟ್ಟಿ ನೋಡು. ಎಷ್ಟು ನುಣುಪು! ಪಕ್ಕದಲ್ಲಿ ತರಿತರಿ ಎಲೆಯ ಗಿಡ ಒಂದು ಹಾಕಿದ್ರೆ ಲಕ್ಷಣವಾಗಿರುತ್ತೆ."

ಅವಳ ಕಿವಿ ನೆಟ್ಟಗಾಯಿತು. ಶಾಲಾ ಮಕ್ಕಳ ವ್ಯಾನ್ ಓಡಿಸುವ ಈ ಮನುಷ್ಯ ಇಷ್ಟು ವರ್ಷ ಒಂದು ಹುಲ್ಲುಕಡ್ಡಿ ನೆಟ್ಟವನಲ್ಲ. ಈಗ ನುಣುಪಂತೆ, ತರಿತರಿಯಂತೆ! ಈ ಪಾಠ ಹೇಳಿಕೊಟ್ಟ ಪುಣ್ಯಾತ್ಗಿತ್ತಿ ಯಾರು? ನರ್ಸರಿಯವಳು ಎನ್ನುವಾಗ ಮುಖ ಯಾಕೆ ತಿರುಗಬೇಕು? ಅರ್ಧ ಹೊಲಿದ ರವಿಕೆಯನ್ನು ಅಲ್ಲೇ ಬಿಟ್ಟು, ಒಂದು ಗಿಡವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನರ್ಸರಿಗೆ ಹೊರಟೇಬಿಟ್ಟಳು.

ನರ್ಸರಿಯವಳಿಗೆ ಇವಳ ಅತ್ತೆಯ ವಯಸ್ಸು. ಬಾಯಲ್ಲಿ ನಾಲ್ಕು ಹಲ್ಲಿದ್ದರೆ ಹೆಚ್ಚು.

"ನಾನ್ಯಾಕಮ್ಮ ಮೋಸ ಮಾಡ್ಲಿ? ಕೆಂಪು, ಹಸಿರು ಎರಡೂ ಅಕ್ಕಪಕ್ಕದಲ್ಲೇ ಇಟ್ಟಿದ್ದೀನಿ ನೋಡು. ಯಾವುದು ಬೇಕೋ ತಗೊಳ್ಳಿ ಅಂದೆ. ನಿಮ್ಮ ಯಜಮಾನ್ರು ಎಲೆ ಸವರಿ ಸವರಿ ಅವರೇ ಆರಿಸ್ಕೊಂಡ್ರು."

ಒಂದು ಅನುಮಾನ ಇಳಿಯಿತು. ಅದು ಬಿಟ್ಟ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಇಷ್ಟು ಸಣ್ಣದಕ್ಕೆ ಸುಳ್ಳು ಯಾಕೆ? ದಾರಿಯುದ್ದಕ್ಕೂ ಹಳೆಯದೆಲ್ಲ ನೆನಪಾಗತೊಡಗಿತು. ಟೊಮೆಟೊ ಹಣ್ಣಾಗಿದೆಯೋ ಇಲ್ಲವೋ ಎಂದು ಅವನು ಒತ್ತಿಯೇ ನೋಡುತ್ತಾನೆ. ಅಂಗಿ ಕೊಳ್ಳಲು ತನ್ನನ್ನು ಬಿಟ್ಟು ಹೋಗುವುದಿಲ್ಲ. ಅದನ್ನು ಪ್ರೀತಿ ಎಂದುಕೊಂಡು ಬೀಗಿದ್ದಳು. ಕೆಂಪು ದಾರ ಕೊಡಿ ಎಂದರೆ ಕೂತಲ್ಲಿಂದಲೇ ಮಗಳನ್ನು ಕೂಗುತ್ತಾನೆ. ಅದನ್ನು ಸೋಮಾರಿತನ ಎಂದು ಬೈದಿದ್ದಳು.

ಮನೆಗೆ ಬಂದವಳೇ ಮಗಳನ್ನು ಪಕ್ಕದ ಮನೆಗೆ ಆಡಲು ಕಳಿಸಿ, ಹೊಲಿಗೆ ಯಂತ್ರದ ಮುಂದೆ ಕೂತಳು.

"ರೀ, ಆ ಡಬ್ಬಿಯಿಂದ ಕೆಂಪು ದಾರ ಕೊಡಿ."

"ಪುಟ್ಟೀ, ಅಮ್ಮಂಗೆ..."

"ಪುಟ್ಟಿ ಇಲ್ಲ. ನೀವೇ ಕೊಡಿ."

ಅವನು ಡಬ್ಬಿಯ ಮುಂದೆ ನಿಂತ. ದಾರದ ಉಂಡೆಗಳ ಮೇಲೆ ಬೆರಳಾಡಿಸಿದ. ಬೆರಳಿಗೆ ಎಲ್ಲ ಉಂಡೆಯೂ ಒಂದೇ. ಕೊನೆಗೆ ಒಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಹಸಿರು.

"ರಸ್ತೇಲಿ ಸಿಗ್ನಲ್ ಬಂದ್ರೆ ಏನ್ ಮಾಡ್ತೀರಿ?" ಅವಳು ಕೇಳಿದಳು.

"ಮೇಲಿನ ದೀಪ ಹತ್ತಿದ್ರೆ ನಿಲ್ತೀನಿ, ಕೆಳಗಿಂದು ಹತ್ತಿದ್ರೆ ಹೋಗ್ತೀನಿ. ಇಷ್ಟು ವರ್ಷದಲ್ಲಿ ಒಂದು ಮಗೂಗೂ ತರಚು ಗಾಯ ಆಗಿಲ್ಲ." ಅವನು ನೆಲದ ಮೇಲೆ ಕುಸಿದು ಕೂತ. "ಹಳದಿ, ನೀಲಿ ಚೆನ್ನಾಗಿ ಗೊತ್ತಾಗುತ್ತೆ ಕಣೆ. ಕೆಂಪು, ಹಸಿರು ಮಾತ್ರ ಎರಡೂ ಮಣ್ಣುಮಣ್ಣು. ಹುಟ್ಟಿದಾಗಿಂದ್ಲೂ ಹೀಗೇ. ಶಾಲೆಯವರಿಗೆ ಗೊತ್ತಾದ್ರೆ ಸ್ಟೀರಿಂಗ್ ಮುಟ್ಟೋಕೂ ಬಿಡಲ್ಲ. ಅದು ಬಿಟ್ರೆ ನಂಗೆ ಇನ್ನೇನು ಬರುತ್ತೆ ಹೇಳು?"

"ಮದುವೇಲಿ ಕೆಂಪು ಸೀರೆ ನಂಗೆ ಒಪ್ಪುತ್ತೆ ಅಂದಿದ್ರಲ್ಲ!"

"ಎಲ್ರೂ ಅಂದ್ರು. ನಾನೂ ಅಂದೆ."

ಅವಳಿಗೆ ಕೆಟ್ಟ ಸಿಟ್ಟು ಬಂತು. ಮರುಗಳಿಗೆಯೇ ಅವನು ತಲೆ ತಗ್ಗಿಸಿ ಕೂತ ರೀತಿ ನೋಡಿ ಕರುಳು ಚುರುಕ್ಕೆಂದಿತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಅವನು ಎದ್ದು ಹೋಗಿ, ಅವಳು ಎಳೆದ ಗೆರೆಯಲ್ಲೇ ಹಸಿರು ಕ್ರೋಟನ್‌ಗಳನ್ನು ಒಂದಕ್ಕೊಂದು ಒತ್ತಾಗಿ ನೆಟ್ಟ. ಅವಳು ಕಪಾಟಿನಿಂದ ಹಳದಿ ಬಟ್ಟೆ ತೆಗೆದು ಪುಟ್ಟಿಗೆ ಒಂದು ಕೋಟು ಕತ್ತರಿಸಿದಳು. ಕೂತ ಕಡೆಯೇ ಹೊಲಿದು ಮುಗಿಸಿ, ಮಗಳ ಹಳೆಯ ಕೆಂಪು ಕೋಟನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಬೆಳಿಗ್ಗೆ ಚಳಿ ಇತ್ತು. ಪುಟ್ಟಿ ಹಳದಿ ಕೋಟು ತೊಟ್ಟು ಕುಣಿಯುತ್ತ ಬಂದು ವ್ಯಾನ್ ಹತ್ತಿದಳು. ಗಂಡ ಕನ್ನಡಿಯಲ್ಲಿ ಅವಳನ್ನು ನೋಡಿ ಕಣ್ಣು ಮಿಟುಕಿಸಿದ. ಹೆಂಡತಿಗೆ ಅರ್ಧ ಜೀವ ಬಂದಂತಾಯಿತು.

"ಹಳದಿ ಎಷ್ಟು ಎದ್ದು ಕಾಣುತ್ತೆ ಅಲ್ವಾ ಅಕ್ಕ!" ಪಕ್ಕದ ಮನೆಯಾಕೆ ಗೇಟಿನ ಬಳಿ ಬಂದು ಹೇಳಿದಳು. "ನಮ್ಮ ಗುಂಡನಿಗೂ ಇಂಥದ್ದೊಂದು ಹೊಲ್ಕೊಡಿ. ಈ ಕೆಂಪು ಸ್ವೆಟರು, ಕೆಂಪು ಟೋಪಿ ಬಿಟ್ರೆ ಇವನಿಗೆ ಬೇರೆ ಗತಿಯಿಲ್ಲ."

ಗುಂಡ ವ್ಯಾನಿಗೆ ಬೆನ್ನು ಹಾಕಿ, ಹೊಸ ಗಿಡಗಳ ಸಾಲಿಗೆ ಅಂಟಿಕೊಂಡು, ಎಲೆಯ ಮೇಲಿನ ಹುಳುವನ್ನು ನೋಡುತ್ತ ಅಲ್ಲಾಡದೆ ನಿಂತಿದ್ದ.

ಗಂಡ ವ್ಯಾನ್ ಚಾಲೂ ಮಾಡಿದ. ಕಿಟಕಿಯಿಂದ ತಲೆ ಹೊರಹಾಕಿ, ಬೇಲಿಯ ಈ ತುದಿಯಿಂದ ಆ ತುದಿಯವರೆಗೂ ನಿಧಾನವಾಗಿ ಕಣ್ಣಾಡಿಸಿದ.

"ಎಲ್ಲಿ ಗುಂಡ? ಇನ್ನೂ ಹೊರಟಿಲ್ವಾ?"